ಹೋಮರನನ್ನು ಓದಿಸಿ, ಗೈಡನ್ನಲ್ಲ

ಮಾನ್ಯ ಸಂಪಾದಕರೇ,

ಈಚೆಗೆ ನಿಮ್ಮ ಓದುಗರ ಪತ್ರಗಳ ಪುಟದಲ್ಲಿ ಒಬ್ಬರು ಬರೆದಿದ್ದರು. ಡಿಗ್ರಿ ಓದುವ ನಮ್ಮ ಹಳ್ಳಿ ಕಡೆಯ ಮಕ್ಕಳಿಗೆ ಮೆಸೊಪೊಟೇಮಿಯಾದ ಗಿಲ್ಗಮೆಶ್ ಕಾವ್ಯ, ಗ್ರೀಕ್ ಕವಿ ಹೋಮರ್, ಇಟಲಿಯ ಕವಿ ಡಾಂಟೆ ಎಲ್ಲ ಯಾಕೆ ಬೇಕು, ಪಂಪನನ್ನೇ ನೆಟ್ಟಗೆ ಓದದವರು ಗ್ರೀಸಿಗೆ ಹೋಗಿ ಏನು ಮಾಡುತ್ತಾರೆ, ಅದೂ ಮೂಲದಲ್ಲಿ ಅಲ್ಲ, ಯಾರೋ ಮಾಡಿಟ್ಟ ಅನುವಾದದಲ್ಲಿ, ಆ ಪೇಪರನ್ನೇ ತೆಗೆದುಹಾಕಿ ಅಂತ. ಅವರ ಸಿಟ್ಟಿನಲ್ಲಿ ಅರ್ಧ ನನಗೂ ಇದೆ. ಇನ್ನರ್ಧಕ್ಕೆ ಉತ್ತರ ಬರೆಯದೆ ಸುಮ್ಮನಿರಲು ಆಗಲಿಲ್ಲ. ಪತ್ರ ಉದ್ದವಾಗಿದೆ, ಗೊತ್ತು. ಕತ್ತರಿಸುವುದಾದರೆ ಎಲ್ಲಿ ಬೇಕಾದರೂ ಕತ್ತರಿಸಿ, ರನ್ನನ ಭಾಗ ಮಾತ್ರ ಮುಟ್ಟಬೇಡಿ.

ನಾನು ತಾಲ್ಲೂಕು ಊರಿನ ಪದವಿ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಪಾಠ ಮಾಡಿದ್ದೇನೆ. ಪ್ರಾಚೀನ ಕಾಲದಿಂದ ಯುರೋಪಿನ ಪುನರುಜ್ಜೀವನ ಕಾಲವಾದ ರೆನೆಸಾನ್ಸ್‌ವರೆಗಿನ ವಿಶ್ವಸಾಹಿತ್ಯ ಅಂತ ಒಂದು ಪೇಪರ್. ಕ್ರಿ.ಪೂ. 2300ರ ಸುಮಾರಿಗೆ ಮೆಸೊಪೊಟೇಮಿಯಾದ ಊರ್ ಅನ್ನುವ ನಗರದ ದೇಗುಲದಲ್ಲಿ ಪೂಜಾರಿಣಿಯಾಗಿದ್ದು ಹಾಡು ಬರೆದ ಎನ್‌ಹೆದುವಾನ್ನಳಿಂದ ಹಿಡಿದು 1616ರಲ್ಲಿ ಸತ್ತ ಶೇಕ್ಸ್‌ಪಿಯರ್‌ವರೆಗೆ ಎಲ್ಲವೂ ಒಂದೇ ಸೆಮಿಸ್ಟರ್‌ನಲ್ಲಿ ಮುಗಿಯಬೇಕು. ಅಷ್ಟನ್ನೂ ಯಾರು ಓದುತ್ತಾರೆ? ಯಾರೂ ಓದುವುದಿಲ್ಲ. ಕಾಲೇಜು ಗೇಟಿನೆದುರು ಝೆರಾಕ್ಸ್ ಅಂಗಡಿ ಇದೆ, ಅಲ್ಲಿ ನೋಟ್ಸು ಸಿಗುತ್ತದೆ. ಹೋಮರನ ಇಲಿಯಡ್‌ನಲ್ಲಿ 24 ಭಾಗ, ರೋಮಿನ ಕವಿ ವರ್ಜಿಲನ ಈನಿಯಡ್‌ನಲ್ಲಿ 12, ಡಾಂಟೆಯ ಕಾವ್ಯದಲ್ಲಿ 100 ಸರ್ಗ, ಇಟಲಿಯ ಬೊಕಾಚೊ ಹೇಳಿಸಿದ್ದು 100 ಕತೆ. ಇಷ್ಟು ಬಾಯಿಪಾಠ ಮಾಡಿದರೆ ಪಾಸು. ಅಷ್ಟು ಸಂಖ್ಯೆ ಗೊತ್ತಿರುವ ಹುಡುಗನಿಗೆ ಆ ನೂರರಲ್ಲಿ ಒಂದು ಕತೆಯೂ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮ ಕಡೆ ಓಡಾಡುತ್ತಿದ್ದ ಒಂದು ಗೈಡಿನಲ್ಲಿ ಇಲಿಯಡ್‌ನ ಸಾರಾಂಶ ಗ್ರೀಕರು ಹೊಟ್ಟೆಯಲ್ಲಿ ಅಡಗಿ ಟ್ರಾಯ್ ನಗರ ಹೊಕ್ಕ ಮರದ ಕುದುರೆಯಿಂದ ಮುಗಿಯುತ್ತಿತ್ತು. ಇಲಿಯಡ್‌ನಲ್ಲಿ ಮರದ ಕುದುರೆಯೇ ಇಲ್ಲ! ಅದು ಟ್ರಾಯ್ ಕಡೆಯ ವೀರ ಹೆಕ್ಟರನ ಶವಸಂಸ್ಕಾರದೊಂದಿಗೆ ಮುಗಿಯುತ್ತದೆ, ಟ್ರಾಯ್ ಇನ್ನೂ ಬಿದ್ದಿರುವುದೇ ಇಲ್ಲ. ಕುದುರೆಯ ಮಾತು ಬರುವುದು ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿಯಲ್ಲಿ, ಇನ್ನೂ ವಿವರವಾಗಿ ಬರುವುದು ವರ್ಜಿಲನ ಈನಿಯಡ್‌ನ ಎರಡನೇ ಭಾಗದಲ್ಲಿ. ಗೈಡು ಬರೆದವರು ಪುಸ್ತಕ ಓದಿಲ್ಲ, ಬಹುಶಃ ಸಿನಿಮಾ ನೋಡಿದ್ದಾರೆ. ಹೀಗಿರುವಾಗ ಪತ್ರ ಬರೆದ ಮಹನೀಯರು ‘ಇದರಿಂದ ಮಕ್ಕಳಿಗೆ ಏನು ಬಂತು’ ಅಂತ ಕೇಳಿದರೆ ಏನೂ ಬರಲಿಲ್ಲ ಅಂತಲೇ ಹೇಳಬೇಕು. ಆದರೆ ಸ್ವಾಮಿ, ಅದು ಹೋಮರನ ತಪ್ಪೇ?

ಇನ್ನು ಪಂಪ ಮೊದಲೋ ಹೋಮರ್ ಮೊದಲೋ ಅನ್ನುವ ಜಗಳ. ಕುವೆಂಪು ಶ್ರೀರಾಮಾಯಣ ದರ್ಶನಂ ಶುರು ಮಾಡುವಾಗ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್, ಪಂಪ, ನಾರಣಪ್ಪ ಎಲ್ಲರಿಗೂ ಒಂದೇ ಉಸಿರಿನಲ್ಲಿ ಕೈ ಮುಗಿದಿದ್ದಾರೆ, ಪರ್ಷಿಯಾದ ಕವಿ ಫಿರ್ದೂಸಿಯನ್ನೂ ಬಿಟ್ಟಿಲ್ಲ. ಅವರಿಗೆ ಇರದ ಜಗಳ ನಮಗೆ ಯಾಕೆ?

ನಾನು ಪಾಠ ಮಾಡುವಾಗ ಸಿಲಬಸ್ ಮುಗಿಸುವ ಗಡಿಬಿಡಿ ಬಿಟ್ಟು ಒಂದೇ ಪ್ರಶ್ನೆ ಹಿಡಿದು ಹೋಗಲು ನೋಡಿದೆ. ಸೋತವನ ದುಃಖವನ್ನು ಯಾವ ಕವಿ ಹೇಗೆ ಹೇಳಿದ? ಅಷ್ಟೇ ಪ್ರಶ್ನೆ. ಇಲಿಯಡ್‌ನ 24ನೇ ಭಾಗವನ್ನು ಕ್ಲಾಸಿನಲ್ಲಿ ಗಟ್ಟಿಯಾಗಿ ಓದಿದೆವು, ಇಂಗ್ಲಿಷಿನಲ್ಲಿ ಒಂದು ಪ್ಯಾರಾ, ಆಮೇಲೆ ಕನ್ನಡದಲ್ಲಿ ಅದರ ಮಾತು. ಟ್ರಾಯ್ ದೊರೆ, ಹೆಕ್ಟರನ ಅಪ್ಪ, ಮುದುಕ ಪ್ರಿಯಾಮ್ ರಾತ್ರಿ ಹೊತ್ತು ಶತ್ರುವಿನ ಡೇರೆಗೆ ಬರುತ್ತಾನೆ. ಮಗನನ್ನು ಕೊಂದು ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡಿದ ಗ್ರೀಕ್ ವೀರ ಅಕಿಲಿಸನ ಕೈಗೆ ಮುತ್ತಿಡುತ್ತಾನೆ. ನಿನ್ನ ಅಪ್ಪನನ್ನು ನೆನೆಸಿಕೊ ಅನ್ನುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ಅಪ್ಪನಿಗಾಗಿ ಮತ್ತು ಸತ್ತ ಗೆಳೆಯನಿಗಾಗಿ. ಆಮೇಲೆ ಅಕಿಲಿಸ್ ಊಟ ಮಾಡು ಅಂತ ಮುದುಕನನ್ನು ಒತ್ತಾಯಿಸುತ್ತಾನೆ. ಎಷ್ಟು ದಿನ ಯುದ್ಧ ನಿಲ್ಲಿಸಲಿ ಅಂತ ಕೇಳುತ್ತಾನೆ. ಪ್ರಿಯಾಮ್ ಲೆಕ್ಕ ಹೇಳುತ್ತಾನೆ: 9 ದಿನ ಮನೆಯಲ್ಲಿ ಅಳುತ್ತೇವೆ, 10ನೇ ದಿನ ಸಂಸ್ಕಾರ ಮತ್ತು ಊಟ, 11ನೇ ದಿನ ಸಮಾಧಿ, 12ನೇ ದಿನ ಬೇಕಾದರೆ ಮತ್ತೆ ಯುದ್ಧ ಮಾಡೋಣ. ಹನ್ನೊಂದು ಅಂದಾಗ ಹಿಂದಿನ ಬೆಂಚಿನಲ್ಲಿದ್ದವರೂ ತಲೆ ಎತ್ತಿದರು. ಅದನ್ನು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಅದಾದ ಮೇಲೆ ರನ್ನ. ಗದಾಯುದ್ಧದಲ್ಲಿ ದುರ್ಯೋಧನ ಸಂಜಯನ ಜೊತೆ ರಣರಂಗದಲ್ಲಿ ನಡೆದು ಹೋಗುತ್ತಾನಲ್ಲ, ಹೆಣಗಳ ನಡುವೆ. ದ್ರೋಣನನ್ನು ನೋಡುತ್ತಾನೆ, ದುಶ್ಶಾಸನನನ್ನು ನೋಡುತ್ತಾನೆ. ಕರ್ಣನ ಹತ್ತಿರ ನಿಂತು, ನೀನು ಯಾರೆಂದು ನನಗೆ ಗೊತ್ತಿತ್ತು, ಕುಂತಿಗೆ ಗೊತ್ತಿತ್ತು, ಕೃಷ್ಣನಿಗೆ ಗೊತ್ತಿತ್ತು ಅಂತ ಹಲುಬುತ್ತಾನೆ. ಇದೆಲ್ಲ ತನ್ನ ಕಡೆಯವರ ದುಃಖ, ಸರಿ. ಆದರೆ ಅಭಿಮನ್ಯುವಿನ ಹೆಣದ ಮುಂದೆ ಅವನು ಏನು ಮಾಡುತ್ತಾನೆ ನೋಡಿ. ಶತ್ರುವಿನ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ಅವನಿಗೆ ಕೈ ಮುಗಿಯುತ್ತಾನೆ. ನಿನ್ನ ಪರಾಕ್ರಮದಲ್ಲಿ ಒಂದು ಪಾಲಾದರೂ ನನಗಿದ್ದು, ನಿನ್ನಂಥ ಸಾವು ನನಗೂ ಬರಲಿ ಅಂತ ಕೇಳಿಕೊಳ್ಳುತ್ತಾನೆ. ಪಿಯುಸಿಯಲ್ಲೋ ಎಲ್ಲೋ ಈ ಪದ್ಯಗಳನ್ನು ಅಂಕಕ್ಕಾಗಿ ಓದಿ ಮರೆತಿದ್ದ ಮಕ್ಕಳು ಪ್ರಿಯಾಮನನ್ನು ನೋಡಿ ಬಂದ ಮೇಲೆ ರನ್ನನನ್ನು ಬೇರೆ ರೀತಿ ಓದಿದರು. ರನ್ನನನ್ನು ಓದಿ ಮತ್ತೆ ಹೋಮರನ ಹತ್ತಿರ ಹೋದರೆ ಹೋಮರ್ ಕೂಡ ಬದಲಾಗುತ್ತಾನೆ, ಅಕಿಲಿಸನ ಕರುಣೆ ಒಂದು ರಾತ್ರಿಯದು, ದುರ್ಯೋಧನನಿಗೆ ಅಷ್ಟೂ ಸಮಯವಿಲ್ಲ, ಕೊಳಕ್ಕೆ ಹೋಗಿ ಅಡಗಬೇಕು, ಭೀಮ ಬರುತ್ತಾನೆ. ಪಂಪ-ರನ್ನರನ್ನು ಓದದವರಿಗೆ ಹೋಮರ್ ಯಾಕೆ ಅಂದಿರಲ್ಲ, ನನ್ನ ಕ್ಲಾಸಿನಲ್ಲಿ ಕೆಲವರು ರನ್ನನ ಕಡೆಗೆ ವಾಪಸ್ ಬಂದಿದ್ದೇ ಹೋಮರನ ದಾರಿಯಲ್ಲಿ.

ಇದು ನಾನು ಹೊಸದಾಗಿ ಕಂಡುಹಿಡಿದದ್ದೂ ಅಲ್ಲ ಬಿಡಿ. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. ಗ್ರೀಕ್ ನಾಟಕ ಓದಿದ ಕಣ್ಣಿನಿಂದ ರನ್ನನನ್ನು ನೋಡಿ 1926ರಲ್ಲಿ ಗದಾಯುದ್ಧ ನಾಟಕಂ ಮಾಡಿದರು. ಗ್ರೀಕ್ ನಾಟಕಕಾರ ಸೊಫೊಕ್ಲಿಸನ ನಾಟಕದ ವೀರ ಅಯಾಸ್‌ನನ್ನು ತಂದು ಅಶ್ವತ್ಥಾಮನ ಮೈಮೇಲೆ ಬರಿಸಿ 1929ರಲ್ಲಿ ಅಶ್ವತ್ಥಾಮನ್ ಬರೆದರು. ಇನ್ನೊಬ್ಬ ಗ್ರೀಕ್ ನಾಟಕಕಾರ ಈಸ್ಕಿಲಸನ ನಾಟಕವನ್ನು ಪಾರಸಿಕರು ಅಂತ ಕನ್ನಡಕ್ಕೆ ತಂದರು. ಆ ಕೊನೆಯದರ ಬಗ್ಗೆ ಸ್ವಲ್ಪ ಹೇಳಬೇಕು. ಈಸ್ಕಿಲಸ್ ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ತಾನೇ ಕತ್ತಿ ಹಿಡಿದು ಹೋರಾಡಿದವನು. ಕ್ರಿ.ಪೂ. 480ರಲ್ಲಿ ಸಲಾಮಿಸ್ ಸಮುದ್ರಯುದ್ಧದಲ್ಲಿ ಗ್ರೀಕರು ಗೆದ್ದರು. ಎಂಟು ವರ್ಷದ ನಂತರ ಅದೇ ಗೆದ್ದ ಊರು ಅಥೆನ್ಸಿನಲ್ಲಿ, ಗೆದ್ದ ಜನರ ಮುಂದೆ, ಅವನು ಆಡಿಸಿದ ನಾಟಕದ ತುಂಬ ಇರುವುದು ಸೋತ ಪರ್ಷಿಯಾದ ಅರಮನೆ, ರಾಜಮಾತೆಯ ಆತಂಕ, ಸತ್ತವರ ಹೆಸರುಗಳು. ಗೆದ್ದ ಎಂಟೇ ವರ್ಷಕ್ಕೆ ಶತ್ರುವಿನ ತಾಯಿಯನ್ನು ರಂಗದ ಮೇಲೆ ತಂದು ಅಳಿಸುವುದು ಅಂದರೆ ಸುಮ್ನೆ ಅಲ್ಲ. ಈಗ ಯಾವ ದೇಶದಲ್ಲಾದರೂ ಹಾಗೆ ಮಾಡಿ ನೋಡಿ.

ಅನುವಾದದ ಮಾತಿಗೆ ಬರುತ್ತೇನೆ. ಅನುವಾದದಲ್ಲಿ ಓದಿದರೆ ಅದು ಓದೇ ಅಲ್ಲ ಅಂತ ಪತ್ರದಲ್ಲಿತ್ತು. ಹಾಗಾದರೆ ರೆನೆಸಾನ್ಸ್ ಅನ್ನುವುದೇ ನಡೆಯುತ್ತಿರಲಿಲ್ಲ. ಇಟಲಿಯ ಕವಿ ಪೆಟ್ರಾರ್ಕ್ ಅಂದರೆ ಆ ಕಾಲದ ದೊಡ್ಡ ಪಂಡಿತ, ವೆರೋನಾದಲ್ಲಿ ರೋಮಿನ ವಾಗ್ಮಿ ಸಿಸೆರೊನ ಪತ್ರಗಳ ಹಸ್ತಪ್ರತಿಯನ್ನು 1345ರಲ್ಲಿ ಹುಡುಕಿ ತೆಗೆದವನು. ಅವನ ಹತ್ತಿರ ಗ್ರೀಕ್ ಭಾಷೆಯ ಹೋಮರ್ ಇತ್ತು. ಓದಲು ಬರುತ್ತಿರಲಿಲ್ಲ! ಪುಸ್ತಕವನ್ನು ಅಪ್ಪಿಕೊಂಡು ನಿಟ್ಟುಸಿರು ಬಿಡುತ್ತಿದ್ದೆ ಅಂತ ತಾನೇ ಬರೆದುಕೊಂಡಿದ್ದಾನೆ. ಆಮೇಲೆ ಅವನೂ ಬೊಕಾಚೊನೂ ಸೇರಿ ಲಿಯಾಂಟಿಯಸ್ ಪಿಲಾಟಸ್ ಅನ್ನುವವನಿಂದ ಲ್ಯಾಟಿನ್‌ಗೆ ಮಾಡಿಸಿಕೊಂಡರು. ಪದಕ್ಕೆ ಪದ ಇಟ್ಟ ಒರಟು ಅನುವಾದ ಅದು. ಪೆಟ್ರಾರ್ಕ್ ಅದನ್ನೇ ಓದಿದ, ಅಂಚಿನಲ್ಲಿ ಟಿಪ್ಪಣಿ ಬರೆದ. ಪೆಟ್ರಾರ್ಕ್‌ಗೆ ಆಗಬಹುದಾದದ್ದು ನಮ್ಮ ತಿಪಟೂರು, ಸಿಂಧನೂರು ಕಡೆಯ ಮಕ್ಕಳಿಗೆ ಆಗುವುದಿಲ್ಲವೇ?

ಶೇಕ್ಸ್‌ಪಿಯರ್ ಕತೆಯೂ ಅಷ್ಟೇ. ಜೂಲಿಯಸ್ ಸೀಸರ್, ಆಂಟನಿ ಅಂಡ್ ಕ್ಲಿಯೋಪಾತ್ರ ನಾಟಕಗಳಿಗೆ ಸರಕು ಬಂದದ್ದು ಹಳೆಯ ಗ್ರೀಕ್ ಜೀವನಚರಿತ್ರೆಕಾರ ಪ್ಲುಟಾರ್ಕನಿಂದ. ಶೇಕ್ಸ್‌ಪಿಯರ್ ಓದಿದ್ದು ಥಾಮಸ್ ನಾರ್ತ್ 1579ರಲ್ಲಿ ಮಾಡಿದ ಇಂಗ್ಲಿಷ್ ಅನುವಾದ. ನಾರ್ತ್ ಅನುವಾದ ಮಾಡಿದ್ದು ಗ್ರೀಕಿನಿಂದ ಅಲ್ಲ, ಆಮಿಯೊ ಅನ್ನುವ ಫ್ರೆಂಚ್ ಪಾದ್ರಿಯ ಅನುವಾದದಿಂದ. ಅನುವಾದದ ಅನುವಾದ. ಕ್ಲಿಯೋಪಾತ್ರಳ ದೋಣಿಯ ವರ್ಣನೆ ಇದೆಯಲ್ಲ, ಎಲ್ಲರೂ ಬಾಯಿಪಾಠ ಹೇಳುವುದು, ಅದರ ಎಷ್ಟೋ ಮಾತು ನಾರ್ತ್‌ನದೇ.

ಈ ನಾರ್ತ್ ನಮಗೆ ಇನ್ನೊಂದು ಕಾರಣಕ್ಕೂ ಬೇಕಾದವನು. ಪ್ಲುಟಾರ್ಕ್‌ಗಿಂತ ಮೊದಲು, 1570ರಲ್ಲಿ, ಅವನು ಇಟಾಲಿಯನ್‌ನಿಂದ ಒಂದು ಪ್ರಾಣಿಕತೆಗಳ ಪುಸ್ತಕ ಅನುವಾದಿಸಿದ. ಡೋನಿ ಅನ್ನುವವನ ಪುಸ್ತಕ. ಅದರ ಹಿಂದೆ ಹೋಗಿ. ಡೋನಿಯ ಹಿಂದೆ ಜಾನ್ ಆಫ್ ಕಾಪುವಾನ ಲ್ಯಾಟಿನ್, ಅದರ ಹಿಂದೆ ಹೀಬ್ರೂ, ಹೀಬ್ರೂ ಹಿಂದೆ ಇಬ್ನ್ ಅಲ್-ಮುಕಫ್ಫಾ 8ನೇ ಶತಮಾನದಲ್ಲಿ ಮಾಡಿದ ಅರಬ್ಬಿ ಕಲೀಲ ವ ದಿಮ್ನ, ಅದರ ಹಿಂದೆ 6ನೇ ಶತಮಾನದಲ್ಲಿ ಪರ್ಷಿಯಾದ ದೊರೆ ಖುಸ್ರೊನ ವೈದ್ಯ ಬುರ್ಜೋಯ್ ಆ ಕಾಲದ ಪರ್ಷಿಯನ್ ಭಾಷೆಯಾದ ಪಹ್ಲವಿಯಲ್ಲಿ ಮಾಡಿದ ಅನುವಾದ, ಅದರ ಹಿಂದೆ ನಮ್ಮ ಪಂಚತಂತ್ರ. ಕಲೀಲ ಅಂದರೆ ಕರಟಕ, ದಿಮ್ನ ಅಂದರೆ ದಮನಕ. ಎರಡು ನರಿಗಳು ಅಷ್ಟು ದೂರ ನಡೆದುಕೊಂಡು ಹೋಗಿ ಎಲಿಜಬೆತ್ ರಾಣಿಯ ಕಾಲದ ಲಂಡನ್ ಸೇರಿವೆ. ಪ್ಲುಟಾರ್ಕನೂ ಪಂಚತಂತ್ರವೂ ಇಂಗ್ಲಿಷಿಗೆ ಹೋದದ್ದು ಒಬ್ಬನೇ ಮನುಷ್ಯನ ಮೇಜಿನ ಮೇಲಿಂದ.

ಅದೇ ಪಂಚತಂತ್ರ ಈ ಕಡೆಗೂ ಬಂದಿತ್ತಲ್ಲ. ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ-ಸಂಧಿಗಳ ಮಂತ್ರಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಕನ್ನಡದಲ್ಲಿ ಬರೆದ. ಅವನು ಹಿಡಿದದ್ದು ಎಲ್ಲರಿಗೂ ಗೊತ್ತಿರುವ ವಿಷ್ಣುಶರ್ಮನ ಆವೃತ್ತಿಯನ್ನಲ್ಲ, ವಸುಭಾಗಭಟ್ಟನ ಆವೃತ್ತಿಯನ್ನು. ಆ ವಸುಭಾಗನ ಹೆಸರು ಹಿಡಿದುಕೊಂಡು ಹೊರಟರೆ ಇನ್ನೊಂದು ತುದಿಯಲ್ಲಿ ಜಾವಾದ ತಂತ್ರಿ ಕತೆಗಳು ಸಿಗುತ್ತವೆ. ಪರ್ಷಿಯಾ, ಅರಬ್ ನಾಡು, ಇಟಲಿ, ಲಂಡನ್, ಕನ್ನಡನಾಡು, ಜಾವಾ, ಎಲ್ಲ ಒಂದೇ ನಕ್ಷೆಯಲ್ಲಿ. ವಿಶ್ವಸಾಹಿತ್ಯ ಅಂತ ಪಾಠ ಮಾಡುವುದಾದರೆ ನಾನು ಮೊದಲ ವಾರ ಈ ನಕ್ಷೆಯನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಜಾಗವಿಲ್ಲ, ಅಲ್ಲಿ ಗ್ರೀಸ್, ರೋಮ್, ಇಟಲಿ, ಇಂಗ್ಲೆಂಡ್, ಮುಗಿಯಿತು. ಪೇಪರಿನ ಹೆಸರಿನಲ್ಲಿ ಮಾತ್ರ ವಿಶ್ವ.

ಈ ವಿಷಯಕ್ಕೆ ಪತ್ರ ಬರೆದವರ ಜೊತೆ ನಾನೂ ಜಗಳಕ್ಕೆ ಬರುತ್ತೇನೆ. ಕ್ರಿ.ಶ. 1000ದ ಆಚೆ ಈಚೆಯ ಕೆಲವು ದಶಕಗಳನ್ನಷ್ಟೇ ತೆಗೆದುಕೊಳ್ಳಿ. ಇಲ್ಲಿ ರನ್ನ ಇದ್ದಾನೆ. ಪರ್ಷಿಯಾದಲ್ಲಿ ಫಿರ್ದೂಸಿ ಶಾಹನಾಮೆ ಬರೆಯುತ್ತಿದ್ದಾನೆ, 1010ರಲ್ಲಿ ಮುಗಿಸಿದ. ಜಪಾನಿನ ಅರಮನೆಯಲ್ಲಿ ಮುರಸಾಕಿ ಶಿಕಿಬು ಗೆಂಜಿಯ ಕತೆ ಬರೆಯುತ್ತಿದ್ದಾಳೆ, 54 ಅಧ್ಯಾಯ, ಗಂಡಸರು ಚೀನೀ ಭಾಷೆಯ ದೊಡ್ಡಸ್ತಿಕೆಯಲ್ಲಿದ್ದಾಗ ಹೆಂಗಸರು ತಮ್ಮ ಮನೆಮಾತಿನಲ್ಲಿ ಬರೆದರು. ಅವಳಿಗೆ ಯುದ್ಧ ಬೇಕಿಲ್ಲ, ಯಾರ ಪತ್ರಕ್ಕೆ ಯಾವ ಬಣ್ಣದ ಕಾಗದ, ಯಾರು ಯಾರನ್ನು ಯಾಕೆ ಮರೆತರು, ಅದೇ ಸಾಕು. ಫಿರ್ದೂಸಿಯಲ್ಲಿ ರುಸ್ತುಮ್ ತನ್ನ ಮಗ ಅಂತ ಗೊತ್ತಿಲ್ಲದೆ ಸೊಹ್ರಾಬನನ್ನು ಕೊಂದು, ತೋಳಿನ ತಾಯತ ನೋಡಿ ಗುರುತು ಹಿಡಿಯುತ್ತಾನೆ. ಸೋತವನ ದುಃಖ ಅಂದೆನಲ್ಲ, ಇಲ್ಲಿ ಗೆದ್ದವನೇ ಸೋತವನು. ಆ ಕಾಲದ ಯುರೋಪಿನಲ್ಲಿ ಇವರಿಗೆ ಸಾಟಿಯಾದವರನ್ನು ಹುಡುಕಿ ಕೊಡಿ ನೋಡೋಣ. ಹಾಗಂತ ಯುರೋಪನ್ನು ಹೊಡೆದು ಹಾಕಿ ಅಂತಲ್ಲ. ಡಾಂಟೆ ಊರು ಬಿಟ್ಟು ಓಡಿಸಲ್ಪಟ್ಟು, ಲ್ಯಾಟಿನ್ ಬಿಟ್ಟು ಜನರ ಮಾತಿನಲ್ಲಿ ನರಕ, ಸ್ವರ್ಗ ಎಲ್ಲ ಸುತ್ತಿ ಬಂದದ್ದು ದೊಡ್ಡ ಸಂಗತಿಯೇ. ಆದರೆ ವಚನ ಓದಿದ ಹುಡುಗಿಗೆ ‘ಜನರ ಮಾತಿನಲ್ಲಿ ಬರೆದ ಮೊದಲಿಗ’ ಅಂತೆಲ್ಲ ಗೈಡಿನಲ್ಲಿ ಬರೆದರೆ ಅವಳು ನಗುತ್ತಾಳೆ ಅಲ್ವಾ?

ಕನ್ನಡಾಭಿಮಾನದ ಮಾತು ಬಂದಿದ್ದಕ್ಕೆ ಇನ್ನೊಂದು. ಈಜಿಪ್ಟಿನ ಆಕ್ಸಿರಿಂಕಸ್ ಅನ್ನುವ ಹಳೆಯ ಊರಿನ ತಿಪ್ಪೆಗಳಲ್ಲಿ ಸಿಕ್ಕ ಪಪೈರಸ್ ಹಾಳೆಗಳಲ್ಲಿ 413ನೇದು ಒಂದು ಗ್ರೀಕ್ ಪ್ರಹಸನ, ಅಚ್ಚಾದದ್ದು 1903ರಲ್ಲಿ. ಭಾರತದ ಕರಾವಳಿಯಲ್ಲಿ ಸಿಕ್ಕಿಹಾಕಿಕೊಂಡ ಕಾರಿಟಿಯಾನ್ ಅನ್ನುವ ಗ್ರೀಕ್ ಹುಡುಗಿಯನ್ನು ಅವಳ ಅಣ್ಣನೂ ಒಬ್ಬ ವಿದೂಷಕನೂ ಬಿಡಿಸಿಕೊಂಡು ಹೋಗುವ ಕತೆ. ಅದರಲ್ಲಿ ಭಾರತದವರು ಆಡುವ ಮಾತು ಕನ್ನಡ ಅಂತ 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಜ್ ಹೇಳಿದರು, ನಮ್ಮ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬಗ್ಗೆ ಬರೆದರು, ಅದನ್ನು ಒಪ್ಪದ ವಿದ್ವಾಂಸರೂ ಇದ್ದಾರೆ. ನವೆಂಬರ್ ಬಂದರೆ ವಾಟ್ಸಾಪ್‌ನಲ್ಲಿ ಇದು ಓಡಾಡುತ್ತದೆ, ‘ಎರಡು ಸಾವಿರ ವರ್ಷದ ಹಿಂದೆ ಗ್ರೀಕ್ ನಾಟಕದಲ್ಲಿ ಕನ್ನಡ’ ಅಂತ. ಆದರೆ ಫಾರ್ವರ್ಡ್ ಮಾಡುವವರಲ್ಲಿ ಆ ನಾಟಕ ಓದಿದವರು ಎಷ್ಟು ಜನ? ಅದು ಗ್ರೀಕ್ ನಾಟಕಕಾರ ಯೂರಿಪಿಡೀಸನ ಇಫಿಜೀನಿಯಾ ನಾಟಕದ ಅಣಕ. ರಾಜನಿಗೆ ನೀರು ಬೆರೆಸದ ವೈನ್ ಕುಡಿಸಿ ಮತ್ತೇರಿಸುವ ಉಪಾಯ ಒಡಿಸ್ಸಿಯಲ್ಲಿ ಒಂಟಿಕಣ್ಣಿನ ದೈತ್ಯನಿಗೆ ಒಡಿಸ್ಯೂಸ್ ಮಾಡಿದ್ದೇ. ಅಂದರೆ ಕನ್ನಡದ ಹೆಮ್ಮೆ ಅಂತ ನಾವು ಹೊತ್ತು ಮೆರೆಸುವ ಈ ತುಣುಕು ಅರ್ಥವಾಗಬೇಕಾದರೂ ಹೋಮರನನ್ನೂ ಯೂರಿಪಿಡೀಸನನ್ನೂ ಓದಿರಬೇಕು.

ಏನು ಮಾಡಬೇಕು ಅಂತ ಕೇಳುತ್ತೀರಿ. ಪೇಪರ್ ತೆಗೆಯಬೇಡಿ, ಪಟ್ಟಿ ಕಡಿಮೆ ಮಾಡಿ. ಒಂದು ಸೆಮಿಸ್ಟರ್‌ಗೆ ನಾಲ್ಕೈದು ಕೃತಿ ಸಾಕು. ನನ್ನನ್ನು ಕೇಳಿದರೆ ಗಿಲ್ಗಮೆಶ್ ಇಡಿಯಾಗಿ, ಅದು ಚಿಕ್ಕದು. ಗೆಳೆಯ ಎಂಕಿಡು ಸತ್ತಾಗ ಮೂಗಿನಿಂದ ಹುಳ ಉದುರುವವರೆಗೂ ಹೆಣವನ್ನು ಬಿಟ್ಟುಕೊಡದ ರಾಜ, ಸಾವಿಗೆ ಮದ್ದು ಹುಡುಕಿಕೊಂಡು ಹೋಗಿ, ಸಿಕ್ಕ ಗಿಡವನ್ನು ದಂಡೆಯಲ್ಲಿಟ್ಟು ಸ್ನಾನಕ್ಕೆ ಇಳಿದಾಗ ಹಾವು ಕದ್ದುಕೊಂಡು ಪೊರೆ ಬಿಟ್ಟು ಹೋಗುವ ಕತೆ, ಇದು ಯಾವ ಮಕ್ಕಳಿಗೆ ತಿಳಿಯುವುದಿಲ್ಲ? ಆಮೇಲೆ ಇಲಿಯಡ್‌ನ ಕೆಲವು ಭಾಗ, ಜೊತೆಗೆ ಗದಾಯುದ್ಧ. ಒಂದು ಗ್ರೀಕ್ ನಾಟಕ. ಲಂಕೇಶರು ಈಡಿಪಸ್, ಆಂಟಿಗೊನೆ ಎರಡನ್ನೂ ಕನ್ನಡಕ್ಕೆ ತಂದಿದ್ದಾರೆ, ಪಾತ್ರ ಹಂಚಿ ಓದಿಸಬಹುದು. ಕೊನೆಗೆ ಬೊಕಾಚೊ, 1348ರ ಪ್ಲೇಗಿಗೆ ಹೆದರಿ ಊರು ಬಿಟ್ಟ 7 ಹುಡುಗಿಯರು, 3 ಹುಡುಗರು ಹೇಳುವ ಕತೆಗಳು. ಕೊರೊನಾ ನೋಡಿದ ಮಕ್ಕಳಿಗೆ ಆ ಪುಸ್ತಕದ ಮುನ್ನುಡಿಯನ್ನು ಪಾಠ ಮಾಡುವುದೇ ಬೇಡ, ಓದಿ ಹೇಳಿದರೆ ಸಾಕು.

ಪರೀಕ್ಷೆಯಲ್ಲಿ ‘ಎಷ್ಟು ಸರ್ಗ’ ಕೇಳುವುದನ್ನು ನಿಲ್ಲಿಸಿ, ಒಂದು ಪುಟ ಕೊಟ್ಟು ಇದರಲ್ಲಿ ಏನು ನಡೆಯುತ್ತಿದೆ ಅಂತ ಕೇಳಿ. ಕನ್ನಡದಲ್ಲಿ ಬರೆದರೂ ಅಂಕ ಕೊಡಿ. ಪುಸ್ತಕ ಸಿಗುವುದಿಲ್ಲ ಅನ್ನುವ ನೆಪವೂ ಈಗಿಲ್ಲ, ಸ್ಯಾಮ್ಯುಯೆಲ್ ಬಟ್ಲರ್‌ನ ಗದ್ಯದ ಹೋಮರ್ ಹಕ್ಕು ಮುಗಿದು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಹೋಮರ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾನೆ ಅಂತ ಬೇಸರ ಪಟ್ಟುಕೊಂಡರೆ ಕೊಳ್ಳೇಗಾಲದ ಕಡೆಯ ಯಾರಾದರೂ ಕಂಸಾಳೆಯವರ ಮಾದೇಶ್ವರನ ಹಾಡು ಕೇಳಿಸಿ. ಮಿಲ್ಮನ್ ಪ್ಯಾರಿ ಅನ್ನುವ ಅಮೆರಿಕದ ಮೇಷ್ಟ್ರು 1930ರ ದಶಕದಲ್ಲಿ ಯುಗೊಸ್ಲಾವಿಯಾದ ಹಳ್ಳಿಗಳಲ್ಲಿ ಹಾಡುಗಾರರನ್ನು ರೆಕಾರ್ಡ್ ಮಾಡಿ ಕಂಡುಕೊಂಡದ್ದು ಅದನ್ನೇ: ಬರೆಯದೆ ಹಾಡುವವನಿಗೆ ಆ ಮರುಮಾತುಗಳೇ ಉಸಿರು ತೆಗೆದುಕೊಳ್ಳುವ ಜಾಗ.

ಇನ್ನು ನಿಮಗೆ ಒಂದು ಕೋರಿಕೆ, ಸಂಪಾದಕರೇ. ಭಾನುವಾರದ ಪುರವಣಿಯಲ್ಲಿ ರಾಶಿಭವಿಷ್ಯಕ್ಕೆ ಕೊಡುವಷ್ಟೇ ಜಾಗ ಇದಕ್ಕೂ ಕೊಡಿ. ವಾರಕ್ಕೊಂದು ತುಣುಕು, ಒಳ್ಳೆಯ ಕನ್ನಡದಲ್ಲಿ, ಮೇಲೆ ಎರಡು ಸಾಲು ಪರಿಚಯ, ಸಾಕು. ಅನುವಾದ ಮಾಡುವವರು ನಮ್ಮ ಕಾಲೇಜುಗಳಲ್ಲೇ ಇದ್ದಾರೆ, ಕೇಳುವವರಿಲ್ಲದೆ ಸುಮ್ಮನಿದ್ದಾರೆ. ಮೊದಲ ವಾರಕ್ಕೆ ಇಲಿಯಡ್‌ನ 24ನೇ ಭಾಗದಿಂದ ಪ್ರಿಯಾಮ್ ಡೇರೆಗೆ ಬರುವ ಪ್ರಸಂಗವನ್ನು ನಾನು ಕಳಿಸಿಕೊಡುತ್ತೇನೆ, ಸಂಭಾವನೆ ಬೇಡ. ಎರಡನೇ ವಾರದ್ದನ್ನು ಆ ಪತ್ರ ಬರೆದ ಮಹನೀಯರಿಗೇ ವಹಿಸಿ, ಪಂಪನಿಂದ ಅವರಿಗೆ ಇಷ್ಟವಾದದ್ದನ್ನು ಹೊಸಗನ್ನಡದಲ್ಲಿ ಬರೆದು ಕಳಿಸಲಿ.

ಇಂತಿ,
ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು